ಪ್ರೊಸೆಸ್ ಹೋಲಿಕೆ ಸ್ಪ್ರೆಡ್‌ಶೀಟ್: ನಾಲ್ಕನೇ ಸುತ್ತು

ಚಿಪ್ ತಯಾರಿಸುವ ತಂತ್ರ, ಅಂದರೆ ಪ್ರೊಸೆಸ್, ಬದಲಾದಾಗ ವೇಗ ಮತ್ತು ವಿದ್ಯುತ್ ಬಳಕೆ ಎಷ್ಟು ಬದಲಾಗುತ್ತವೆ ಎಂದು ಹೋಲಿಸುವ ಹಾಳೆ ಇದು. ವೇಗದ ಕಾಲಂ ಮತ್ತು ವಿದ್ಯುತ್ ಕಾಲಂ ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತಿದ್ದ ಸೂತ್ರವನ್ನು ಈ ಸಲ ಕಿತ್ತುಹಾಕಲಾಗಿದೆ. ತನ್ನ 7 ನ್ಯಾನೊಮೀಟರ್ ಪ್ರೊಸೆಸ್ ಎನ್7ರಿಂದ 5 ನ್ಯಾನೊಮೀಟರಿನ ಎನ್5ಗೆ ಹೋದಾಗ ತೈವಾನ್‌ನ ಚಿಪ್ ತಯಾರಕ ಟಿಎಸ್‌ಎಂಸಿ ಹೇಳಿದ್ದು: ಅಷ್ಟೇ ವಿದ್ಯುತ್ತಿನಲ್ಲಿ ಶೇ. 15 ಹೆಚ್ಚು ವೇಗ, ಇಲ್ಲವೇ ಅಷ್ಟೇ ವೇಗದಲ್ಲಿ ಶೇ. 30 ಕಡಿಮೆ ವಿದ್ಯುತ್. ಸ್ಲೈಡ್ ಇಳಿದು ಸುದ್ದಿಯಾಗುವಷ್ಟರಲ್ಲಿ ಆ ‘ಇಲ್ಲವೇ’ ಹೋಗಿ ‘ಮತ್ತು’ ಬಂದಿರುತ್ತದೆ. ಹಳೆಯ ಸೂತ್ರವೂ ಅದನ್ನೇ ನಂಬಿ, 1.15ನ್ನು 0.7ರಿಂದ ಭಾಗಿಸಿ, ಪ್ರತಿ ವ್ಯಾಟ್‌ಗೆ 1.64 ಪಟ್ಟು ಕೆಲಸ ಎಂದು ತೋರಿಸುತ್ತಿತ್ತು. ನಿಜಕ್ಕೆ ವೇಗ ಆರಿಸಿಕೊಂಡರೆ 1.15, ವಿದ್ಯುತ್ ಉಳಿತಾಯ ಆರಿಸಿಕೊಂಡರೆ 1.43 (1 ÷ 0.7).

ಶೇ. 30 ಎಷ್ಟು ದೊಡ್ಡದು ಎಂದು ತೂಗಲು ಹೊಸ ಕಾಲಂ ಬಂದಿದೆ. ಸ್ವಿಚಿಂಗ್ ವಿದ್ಯುತ್ತು (ಟ್ರಾನ್ಸಿಸ್ಟರ್‌ಗಳು ತೆರೆದು ಮುಚ್ಚುವಾಗ ಖರ್ಚಾಗುವುದು) ಕೆಪಾಸಿಟೆನ್ಸ್ (ಸರ್ಕ್ಯೂಟ್ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ), ವೋಲ್ಟೇಜ್‌ನ ವರ್ಗ, ಕ್ಲಾಕ್ (ಚಿಪ್‌ನ ಮಿಡಿತದ ವೇಗ) ಈ ಮೂರರ ಗುಣಲಬ್ಧದಂತೆ ಏರಿಳಿಯುತ್ತದೆ. ಪ್ರೊಸೆಸ್ ಮುಟ್ಟದೆ, ಅದೇ ಚಿಪ್‌ನ ಕ್ಲಾಕ್ ಶೇ. 10 ಇಳಿಸಿ ವೋಲ್ಟೇಜನ್ನು 1.0ರಿಂದ 0.9ಕ್ಕೆ ತಂದರೆ 0.9 × 0.81 = 0.729. ಶೇ. 27 ಉಳಿತಾಯ, ಪುಕ್ಕಟೆ! ಆದ್ದರಿಂದ ಕ್ಲಾಕ್ ಒಂದೇ ಇಲ್ಲದ ಚಿಪ್ ಜೋಡಿಗಳಿಗೆ ಕೆಂಪು ಬಣ್ಣ.

ಮೊದಲು ಕೆಂಪಾದದ್ದು ಫೋನ್ ಚಿಪ್‌ಗಳಾದ ಸ್ನಾಪ್‌ಡ್ರ್ಯಾಗನ್ 8 ಜೆನ್ 1 (ತಯಾರಿಕೆ ಸ್ಯಾಮ್‌ಸಂಗ್) ಮತ್ತು 2022ರ 8+ ಜೆನ್ 1 (ತಯಾರಿಕೆ ಟಿಎಸ್‌ಎಂಸಿ). ಕೋರ್‌ಗಳು ಅವೇ, ಆದರೆ ದೊಡ್ಡ ಕೋರ್ 3.0ರಿಂದ 3.2 ಗಿಗಾಹರ್ಟ್ಸ್‌ಗೆ ಏರಿತು. 2015ರ ಐಫೋನ್ ಚಿಪ್ ಆ್ಯಪಲ್ ಎ9 ಇದಕ್ಕಿಂತ ಎಷ್ಟೋ ವಾಸಿ: ಒಂದೇ ವಿನ್ಯಾಸ, ಸ್ಯಾಮ್‌ಸಂಗ್‌ನ 14 ನ್ಯಾನೊಮೀಟರಿನಲ್ಲಿ 96 ಚದರ ಮಿಲಿಮೀಟರ್, ಟಿಎಸ್‌ಎಂಸಿಯ 16ರಲ್ಲಿ 104.5. ದಿನಬಳಕೆಯಲ್ಲಿ ಬ್ಯಾಟರಿ ಬಾಳಿಕೆಯ ಅಂತರ ಶೇ. 2–3 ಎಂದಿತು ಆ್ಯಪಲ್. ಸತತ ಪೂರ್ತಿ ಹೊರೆಯ ಪರೀಕ್ಷೆಗಳಲ್ಲಿ ಅಂತರ ಅದಕ್ಕಿಂತ ಹಿಗ್ಗಿತು, ಹೆಚ್ಚು ಹೊತ್ತು ಬಂದದ್ದು ‘16’. ಎರಡೂ ಸುಳ್ಳಲ್ಲ; ದಿನಬಳಕೆಯಲ್ಲಿ ಪರದೆ, ರೇಡಿಯೊಗಳ ಖರ್ಚು ಚಿಪ್‌ನ ವ್ಯತ್ಯಾಸವನ್ನು ನುಂಗುತ್ತದೆ.

ಅಳತೆಯ ಕ್ರಮವೂ ಬದಲಾಗಿದೆ. ಕ್ಲಾಕ್ ಕಟ್ಟಿಹಾಕಿ, 10 ನಿಮಿಷ ಹೊರೆ ಹಾಕಿ, ತಾಪ ನಿಂತ ಮೇಲಷ್ಟೇ ಓದು; ಬಿಸಿಯಾದಷ್ಟೂ ಲೀಕೇಜ್ (ಟ್ರಾನ್ಸಿಸ್ಟರ್ ಮುಚ್ಚಿದ್ದಾಗಲೂ ಸೋರುವ ವಿದ್ಯುತ್) ಹೆಚ್ಚುವುದರಿಂದ ಮೊದಲ ನಿಮಿಷದ ಅಂಕಿ ಸುಂದರವಾಗಿಯೇ ಇರುತ್ತದೆ. ಸುಮ್ಮನಿದ್ದಾಗಿನ ವ್ಯಾಟ್ ಕಳೆಯಬೇಕು. ಒಂದೇ ಮಾದರಿಯ ಚಿಪ್‌ಗಳಲ್ಲೇ ವೋಲ್ಟೇಜ್ ಬೇರೆಬೇರೆ ಇರುವುದರಿಂದ ಪ್ರತಿ ಬದಿಗೆ ಕನಿಷ್ಠ ಮೂರು ಚಿಪ್.

ಸ್ಯಾಮ್‌ಸಂಗ್ 3 ನ್ಯಾನೊಮೀಟರ್ ಸಾಲು (2022: ವಿದ್ಯುತ್ ಶೇ. 45 ಇಳಿಕೆ, ವೇಗ ಶೇ. 23 ಏರಿಕೆ) ಸದ್ಯಕ್ಕೆ ಬೇರೆ ಹಾಳೆಯಲ್ಲಿದೆ. ಅದರ ಹೋಲಿಕೆ ಸ್ಯಾಮ್‌ಸಂಗ್‌ನದೇ 5 ನ್ಯಾನೊಮೀಟರಿನ ಜೊತೆ, ಎನ್5 ಜೊತೆಯಲ್ಲ.