ಶಿಮೊನೊಸೆಕಿಗೆ ಹೋದವರು ಲಿಯುಗೊಂಗ್ ದ್ವೀಪಕ್ಕೂ ಹೋಗಿ

ಟೋಕಿಯೊ, ಕ್ಯೋಟೊ, ಫ್ಯೂಜಿ ನೋಡಿ ಬರುವ ಆಸೆ ಇರುವವರಿಗೆ ಈ ದಾರಿ ಬೇಡ. ಪಶ್ಚಿಮದ ಯುದ್ಧನೌಕೆಗಳು ಬಂದು ನಿಂತಾಗ ಜಪಾನ್ ಮತ್ತು ಚೀನಾ ಏನು ಮಾಡಿದವು ಎಂದು ಕಣ್ಣಾರೆ ನೋಡಬೇಕೆನ್ನುವವರು ಜಪಾನಿನ ಕ್ಯೂಶು ದ್ವೀಪದ ದಕ್ಷಿಣದ ಕಾಗೋಶಿಮಾದಿಂದ ಶುರು ಮಾಡಿ, ಶಿಮೊನೊಸೆಕಿ ದಾಟಿ ಚೀನಾದ ಲಿಯುಗೊಂಗ್ ದ್ವೀಪದಲ್ಲಿ ಮುಗಿಸಿ.

ಕಾಗೋಶಿಮಾ-ಚೂವೊ ಸ್ಟೇಷನ್ನಿನ ಎದುರಿಗೇ ಯುವಕರ ಪ್ರತಿಮೆಗಳ ಗುಂಪೊಂದಿದೆ. 1865ರಲ್ಲಿ ಈ ಊರನ್ನು ಆಳುತ್ತಿದ್ದ ಸತ್ಸುಮಾ ಸಂಸ್ಥಾನ ಕದ್ದುಮುಚ್ಚಿ ಇಂಗ್ಲೆಂಡಿಗೆ ಕಳಿಸಿದವರು ಇವರು. ಆಗ ದೇಶ ಬಿಡುವುದೇ ಅಪರಾಧ, ಹಾಗಾಗಿ ಸುಳ್ಳು ಹೆಸರು ಇಟ್ಟುಕೊಂಡು ಹೋಗಿದ್ದರು. ಅದಕ್ಕೆ ಎರಡೇ ವರ್ಷ ಮುಂಚೆ, 1863ರ ಆಗಸ್ಟಿನಲ್ಲಿ, ಬ್ರಿಟಿಷ್ ನೌಕಾಪಡೆ ಇದೇ ಊರಿನ ಒಂದು ಭಾಗವನ್ನು ಸುಟ್ಟಿತ್ತು. ಹೊಡೆದವನ ಬಳಿಯೇ ಪಾಠ ಕಲಿಯಲು ಹೋದರು ನೋಡಿ!

ಸ್ಟೇಷನ್ನಿನಿಂದ ಸೆಂಗಾನ್-ಎನ್ ತೋಟಕ್ಕೆ ಬಸ್ಸಿದೆ. ತೋಟ ಚೆಂದವೇ, ಆದರೆ ಹೆಚ್ಚು ಹೊತ್ತು ಕೊಡಬೇಕಾದ್ದು ಫಿರಂಗಿ ಎರಕ ಹೊಯ್ಯಲು ಕಟ್ಟಿದ ಕುಲುಮೆಯ ಕಲ್ಲಿನ ತಳಕ್ಕೆ. ಡಚ್ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಕಟ್ಟಿದ್ದಂತೆ. ಪಕ್ಕದಲ್ಲೇ ಇರುವ 1865ರ ಕಲ್ಲಿನ ಯಂತ್ರಶಾಲೆ ಈಗ ವಸ್ತುಸಂಗ್ರಹಾಲಯ.

ಕಾಗೋಶಿಮಾ-ಚೂವೊದಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಕೊಕುರಾ, ಲೋಕಲ್ ರೈಲಿಗೆ ಬದಲಾಯಿಸಿ ಸಮುದ್ರದಡಿಯ ಸುರಂಗ ದಾಟಿದರೆ ಶಿಮೊನೊಸೆಕಿ. ದೊಡ್ಡ ಬ್ಯಾಗುಗಳನ್ನು ಸ್ಟೇಷನ್ ಲಾಕರಿನಲ್ಲಿಟ್ಟು ಕರಾತೊಗೆ ಬಸ್ ಹಿಡಿಯಿರಿ. ಅಲ್ಲಿನ ಶುನ್‌ಪಾನ್‌ರೊ ಎಂಬ ಫುಗು (ವಿಷದ ಮೀನು) ಹೋಟೆಲಿನಲ್ಲಿ 1895ರ ಏಪ್ರಿಲ್ 17ರಂದು, ಜಪಾನಿನೊಡನೆ ಯುದ್ಧದಲ್ಲಿ ಸೋತ ಚೀನಾ ಒಪ್ಪಂದಕ್ಕೆ ಸಹಿ ಹಾಕಿತು: ತೈವಾನ್ ಜಪಾನಿಗೆ ಹೋಯಿತು, ಮೇಲೆ 20 ಕೋಟಿ ತೇಲ್ (ಚೀನೀ ತೂಕದ ಅಳತೆ) ಬೆಳ್ಳಿಯ ದಂಡ. ಹಳೆಯ ಕಟ್ಟಡ 1945ರ ವಾಯುದಾಳಿಯಲ್ಲಿ ಸುಟ್ಟುಹೋಗಿದೆ. ಮಾತುಕತೆಯ ಮೇಜು, ಕುರ್ಚಿಗಳನ್ನು ಪಕ್ಕದ ಸ್ಮಾರಕ ಭವನದಲ್ಲಿಟ್ಟಿದ್ದಾರೆ, ಪ್ರವೇಶ ಉಚಿತ. ಮಾತುಕತೆಯ ನಡುವೆಯೇ ಜಪಾನೀ ಯುವಕನೊಬ್ಬ ಚೀನಾದ ಪರ ಮಾತುಕತೆಗೆ ಬಂದಿದ್ದ ಲಿ ಹೊಂಗ್‌ಝಾಂಗ್ ಮುಖಕ್ಕೆ ಗುಂಡು ಹೊಡೆದಿದ್ದ. ಚೇತರಿಸಿಕೊಂಡು ಅವರು ಓಡಾಡಿದ ಗುಡ್ಡದ ಓಣಿಗೆ ಈಗ ಅವರದೇ ಹೆಸರು. ಮೇಜಿನ ಎದುರು ಕೂತಿದ್ದ ಜಪಾನಿನ ಪ್ರಧಾನಿ ಇತೊ ಹಿರೊಬುಮಿ 1863ರಲ್ಲಿ ಹೀಗೇ ಕದ್ದು ಇಂಗ್ಲೆಂಡಿಗೆ ಹೋಗಿದ್ದವರು. ಮರುವರ್ಷ ನಾಲ್ಕು ದೇಶಗಳ ಹಡಗುಗಳು ಇದೇ ಜಲಸಂಧಿಯಲ್ಲಿ ಇತೊ ಅವರ ಸಂಸ್ಥಾನವಾದ ಚೋಶುವನ್ನು ಸದೆಬಡಿದವು. ಆ ಸಂಸ್ಥಾನದ ಫಿರಂಗಿಗಳ ಮಾದರಿಗಳು ಮಿಮೊಸುಸೊಗಾವಾ ಪಾರ್ಕಿನಲ್ಲಿವೆ.

ಇಷ್ಟಕ್ಕೇ ವಾಪಸಾದರೆ 'ಜಪಾನ್ ಎಚ್ಚರವಾಯಿತು, ಚೀನಾ ಮಲಗಿತ್ತು' ಎಂಬ ಶಾಲೆಯ ಪಾಠವೇ ಗಟ್ಟಿಯಾಗುತ್ತದೆ. ಅದಕ್ಕೇ ಚೀನಾದ ಶಾಂದೊಂಗ್ ಪ್ರಾಂತದ ವೇಹಾಯ್‌ಗೂ ಹೋಗಿ ಎನ್ನುವುದು. ಅದೇ ಪ್ರಾಂತದ ಕ್ವಿಂಗ್‌ಡಾವೊ ನಗರದಿಂದ ವೇಗದ ರೈಲಿದೆ. ವೇಹಾಯ್ ಬಂದರಿನಿಂದ ಲಿಯುಗೊಂಗ್ ದ್ವೀಪಕ್ಕೆ ದೋಣಿ.

1888ರಲ್ಲಿ ಕಟ್ಟಿದ, ಚೀನಾದ ಉತ್ತರದ ಬೇಯಾಂಗ್ ನೌಕಾಪಡೆಯ ಠಾಣೆ ಇದು. ಜರ್ಮನಿಯಲ್ಲಿ ಮಾಡಿಸಿದ ದಿಂಗ್‌ಯುವಾನ್, ಝೆನ್‌ಯುವಾನ್ ಉಕ್ಕಿನ ಹಡಗುಗಳಲ್ಲಿ 305 ಮಿಲಿಮೀಟರ್ ತೋಪುಗಳಿದ್ದವು. ಅಷ್ಟು ಭಾರದ ಯುದ್ಧನೌಕೆ ಆಗ ಜಪಾನಿನ ಬಳಿ ಇರಲಿಲ್ಲ! ಮಲಗಿದ್ದವರು ಇಂಥದ್ದನ್ನು ಕೊಳ್ಳುತ್ತಾರೆಯೇ? ಆಮೇಲೆ ಹೊಸ ದೊಡ್ಡ ಹಡಗು ಬರಲಿಲ್ಲ, ಯುದ್ಧದ ಹೊತ್ತಿಗೆ ಮದ್ದುಗುಂಡಿಗೂ ಕೊರತೆ, ದಕ್ಷಿಣದ ಪಡೆಗಳಿಂದ ಹೆಚ್ಚಿನ ನೆರವು ಬರಲಿಲ್ಲ. 1895ರ ಫೆಬ್ರವರಿಯಲ್ಲಿ ಸೇನಾನಿ ದಿಂಗ್ ರುಚಾಂಗ್ ಇಲ್ಲೇ ಅಫೀಮು ನುಂಗಿ ಸತ್ತರು. 1839ರ ಅಫೀಮು ಯುದ್ಧಕ್ಕೆ ಕಾರಣವಾದ ಸರಕು ಹೋಗಿದ್ದು ಕಲ್ಕತ್ತೆ, ಮುಂಬಯಿಗಳಿಂದ ಎಂಬುದು ನೆನಪಿದ್ದರೆ ಆ ಸಾವನ್ನು ಹೇಳುವ ಫಲಕದ ಮುಂದೆ ಭಾರತೀಯರಿಗೂ ಸ್ವಲ್ಪ ಇರುಸುಮುರುಸಾಗುತ್ತದೆ.

ಚೀನಾದ ಫಲಕಗಳಲ್ಲಿ ಅವಮಾನ ಮತ್ತು ದೇಶಪ್ರೇಮದ ಮಾತು ಜೋರು, ಶಿಮೊನೊಸೆಕಿಯಲ್ಲಿ ಮಾತು ಕಡಿಮೆ. ಎರಡನ್ನೂ ಅರ್ಧ ನಂಬಿ.

ವೀಸಾ ಎರಡು ದೇಶಕ್ಕೂ ಬೇರೆಬೇರೆ, ಊರಿನಿಂದಲೇ ಮಾಡಿಸಿಕೊಂಡು ಹೊರಡಿ. ಏಪ್ರಿಲ್ ಕೊನೆ-ಮೇ ಮೊದಲ ವಾರ ಎರಡೂ ಕಡೆ ರಜೆಯ ಜಾತ್ರೆ. ಅಕ್ಟೋಬರ್ ಮೊದಲ ವಾರ ಚೀನಾದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೀನಾದಲ್ಲಿ ಗೂಗಲ್ ನಡೆಯದು, ಹೊರಡುವ ಮುಂಚೆಯೇ ಅಲ್ಲಿನ ಹಣ ಪಾವತಿಯ ಆ್ಯಪ್ ಅಲಿಪೇಗೆ ಕಾರ್ಡ್ ಜೋಡಿಸಿಕೊಳ್ಳಿ. ಅಲ್ಲಿನ ರೈಲು ಟಿಕೆಟಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ಸಸ್ಯಾಹಾರಿಗಳೇ, ಜಪಾನಿನ ತರಕಾರಿ ಸಾರಿನಲ್ಲೂ ಮೀನಿನ ರಸ ಇರುವುದುಂಟು. ಅವಲಕ್ಕಿ, ಚಟ್ನಿಪುಡಿ ಬ್ಯಾಗಿನಲ್ಲಿರಲಿ.