ಕಾವೇರಿ ನೀರಿನ ಜೊತೆ ಬೆಂಗಳೂರಿಗೆ, ನೆಟ್ಟಗಿನ ಹ್ಯಾಂಡಲ್ ಹಿಡಿದು

ಆಷಾಢದ ಒಂದು ಶನಿವಾರ, ಬೆಳಗಿನ ಐದೂವರೆ. ಮೈಸೂರಿನ ಸಿದ್ಧಾರ್ಥನಗರದಲ್ಲಿ ಅಕ್ಕನ ಮನೆ. ಗೇಟಿಗೆ ಒರಗಿಸಿದ್ದ ಸೈಕಲ್ಲಿಗೆ ನೀರಿನ ಬಾಟಲಿ ಸಿಕ್ಕಿಸುತ್ತಿದ್ದೆ. "ಬಸ್ಸಲ್ಲಿ ಹೋದ್ರೆ ಮೂರು ಗಂಟೆ ಕಣೋ" ಅಂದಳು ಅಕ್ಕ. ಹಾಗಂದವಳೇ ಒಳಗೆ ಹೋಗಿ ಚಪಾತಿಯಲ್ಲಿ ಬೆಲ್ಲ ಸುತ್ತಿಕೊಂಡು ಬಂದು ಬ್ಯಾಗಿಗೆ ತುರುಕಿದಳು.

ನನ್ನದು ಹೈಬ್ರಿಡ್ ಸೈಕಲ್, ಅಂದರೆ ರೇಸ್ ಸೈಕಲ್ಲಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನದು. ರೇಸ್ ಸೈಕಲ್ಲಿನ ಹಾಗೆ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್ ಇದಕ್ಕಿಲ್ಲ. ಕೋಲಿನಂತೆ ನೆಟ್ಟಗಿರುವ ಫ್ಲಾಟ್ ಬಾರ್. ಇದರಲ್ಲಿ ಐವತ್ತು ಕಿಲೋಮೀಟರ್ ಆಯಿತು, ನೂರೈವತ್ತು ಆಗಲ್ಲ ಅನ್ನುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಬ್ರೆವೆ ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿ.ಮೀ. ಬ್ರೆವೆ ಮುಗಿಸಲು ಕೊಡುವ ಸಮಯ ಹದಿಮೂರೂವರೆ ಗಂಟೆ. ಊಟ, ಟೀ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಬಿದ್ದರೆ ಸಾಕು. ಅಷ್ಟು ವೇಗ ಹೈಬ್ರಿಡ್‌ಗೆ ಏನೂ ಕಷ್ಟವಲ್ಲ. ಕಷ್ಟ ಇರುವುದು ಕೈಯಲ್ಲಿ.

ಎರಡು ವರ್ಷದ ಹಿಂದೆ ಇದೇ ಸೈಕಲ್ಲಿನಲ್ಲಿ ಮೊದಲ ಸಲ ನೂರು ದಾಟಿದ್ದೆ. ಮನೆಗೆ ಬಂದಾಗ ಕಿರುಬೆರಳು, ಉಂಗುರದ ಬೆರಳು ಎರಡೂ ಮರಗಟ್ಟಿದ್ದವು. ನಾಲ್ಕು ದಿನ ಅಂಗಿ ಗುಂಡಿ ಹಾಕಲು ಒದ್ದಾಡಿದೆ. ಅಂಗೈಯ ಹೊರ ಅಂಚಿನಲ್ಲಿ ಒಂದು ನರ ಹೋಗುತ್ತದೆ. ಗಂಟೆಗಟ್ಟಲೆ ಒಂದೇ ಕಡೆ ಭಾರ ಬಿಟ್ಟರೆ ಅದು ಒತ್ತಿಹೋಗುತ್ತದೆ. ಬಾಗಿದ ಹ್ಯಾಂಡಲ್‌ನಲ್ಲಿ ಕೈ ಇಡಲು ಮೂರು ನಾಲ್ಕು ಜಾಗ ಸಿಗುತ್ತವೆ. ಫ್ಲಾಟ್ ಬಾರ್‌ನಲ್ಲಿ ಒಂದೇ. ಹಾಗಾಗಿ ಈ ಸಲ ಬಾರ್‌ನ ಎರಡೂ ತುದಿ ಒಂದಿಷ್ಟು ಕೊಯ್ಯಿಸಿ, ಅಂಗೈ ಪೂರ್ತಿ ಕೂರುವಂಥ ಅಗಲ ಗ್ರಿಪ್ ಹಾಕಿಸಿ, ತುದಿಗೆ ಮುಂದಕ್ಕೆ ಚಾಚುವ ಬಾರ್ ಎಂಡ್ ಕೂರಿಸಿಕೊಂಡಿದ್ದೆ. ಟಯರಿಗೂ ಗಾಳಿ ಸ್ವಲ್ಪ ಕಮ್ಮಿ.

ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ 2023ರ ಆಗಸ್ಟ್‌ನಿಂದ ಬೈಕನ್ನೇ ಬಿಡುವುದಿಲ್ಲ, ಸೈಕಲ್ ಮಾತಂತೂ ದೂರವೇ ಉಳಿಯಿತು. ಅದು ಸಿಕ್ಕರೂ ನಾನು ಹಿಡಿಯುವುದು ಬನ್ನೂರಿನ ದಾರಿಯನ್ನೇ. ಬನ್ನೂರು, ಮಳವಳ್ಳಿ, ಹಲಗೂರು, ಸಾತನೂರು, ಕನಕಪುರ, ಆಮೇಲೆ ಬೆಂಗಳೂರು. ಎಲ್ಲ ಸೇರಿ ಸುಮಾರು 150 ಕಿ.ಮೀ.

ಆಷಾಢ ಆರಿಸಿಕೊಂಡಿದ್ದಕ್ಕೆ ಕಾರಣ ಗಾಳಿ. ಫ್ಲಾಟ್ ಬಾರ್ ಹಿಡಿದವನು ಎದೆ ನಿಮಿರಿಸಿ ಕೂರುತ್ತಾನೆ. ಎದುರು ಗಾಳಿಗೆ ಅದೇ ಶಾಪ. ಆದರೆ ಮೈಸೂರಿನಿಂದ ಮಳವಳ್ಳಿ ಕಡೆ ಹೊರಟರೆ ಮುಂಗಾರಿನ ಗಾಳಿ ಬೆನ್ನ ಹಿಂದೆ ಬರುತ್ತದೆ. ಆಗ ಅಗಲವಾದ ಬೆನ್ನೇ ಹಾಯಿ! ಊರು ದಾಟಿದ ಮೇಲೆ ಪೆಡಲ್ ಮೇಲೆ ಸುಮ್ನೆ ಕಾಲಿಟ್ಟ ಹಾಗಿತ್ತು. ಕಿವಿಯಲ್ಲಿ ಗಾಳಿಯ ಸದ್ದೇ ಇಲ್ಲ. ಗಾಳಿಯೂ ನಾನೂ ಒಂದೇ ವೇಗದಲ್ಲಿ ಹೋಗುತ್ತಿದ್ದೆವು.

ಬನ್ನೂರಿನ ಹತ್ತಿರ ಕಾವೇರಿ ಸೇತುವೆ. ಇಳಿದು ನಿಂತೆ. ಹೊಸ ನೀರು, ಕೆಂಪು ಬಣ್ಣ. ಒಂದು ಚಪಾತಿ ಅಲ್ಲೇ ಮುಗಿಯಿತು.

ಮಳವಳ್ಳಿಯಲ್ಲಿ ಇಡ್ಲಿ ತಿಂದು ಎಡಕ್ಕೆ, ಕನಕಪುರದ ಕಡೆ ತಿರುಗಿದೆ. ಇಲ್ಲಿಂದ ಈ ದಾರಿಯಲ್ಲಿ ಇನ್ನೊಬ್ಬ ಪ್ರಯಾಣಿಕ ಜೊತೆಯಾಗುತ್ತಾನೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ಕಾವೇರಿ ನೀರು, ಅಲ್ಲಿಂದ, ಹಾರೋಹಳ್ಳಿಯಿಂದ, ತಾತಗುಣಿಯಿಂದ, ಹೀಗೆ ಮೂರು ಕಡೆ ಪಂಪ್ ಆಗಿ ಬೆಂಗಳೂರು ಸೇರುತ್ತದೆ. ನೂರು ಕಿಲೋಮೀಟರ್ ದೂರ, ಐನೂರು ಮೀಟರ್‌ನಷ್ಟು ಎತ್ತರ. 1974ರಿಂದ ಇದೇ ಕೆಲಸ ನಡೆದಿದೆ. ನಮ್ಮ ಮನೆಯ ನಲ್ಲಿ ನೀರು ಇಷ್ಟು ದೂರ ಹತ್ತಿ ಬರುತ್ತದೆ ಅಂತ ಓದಿ ಗೊತ್ತಿತ್ತು. ಅದೇ ಏರನ್ನು ತೊಡೆಯಲ್ಲಿ ಹತ್ತಿದಾಗ ಆ ಲೆಕ್ಕಕ್ಕೆ ಒಂದು ತೂಕ ಬಂತು.

ಹಲಗೂರಿನ ಟೀ ಅಂಗಡಿಯಲ್ಲಿ ಒಬ್ಬ ಯಜಮಾನರು ಲೋಟ ಕೆಳಗಿಟ್ಟು ಎದ್ದು ಬಂದರು.

"ಎಲ್ಲಿಂದಪ್ಪಾ?"

"ಮೈಸೂರಿಂದ ತಾತ. ಬೆಂಗಳೂರಿಗೆ."

"ಇದ್ರಲ್ಲೇ?" ಅಂತ ಸೀಟು ತಟ್ಟಿ ನೋಡಿದರು. ವಯಸ್ಸಿನಲ್ಲಿ ಅವರು ರೇಷ್ಮೆ ಗೂಡಿನ ಮೂಟೆಯನ್ನು ಕ್ಯಾರಿಯರ್‌ಗೆ ಕಟ್ಟಿ ಕನಕಪುರದ ಮಾರುಕಟ್ಟೆಗೆ ಸೈಕಲ್ ತುಳಿದವರಂತೆ. "ಒಂದೇ ಗೇರು ಕಣಪ್ಪ. ಸಾತನೂರ್ ಏರಲ್ಲಿ ತಳ್ಕೊಂಡ್ ಹೋಗದು." ಆಮೇಲೆ ನನ್ನ ಹ್ಯಾಂಡಲ್ ಹಿಡಿದು ಮುಖ ಕಿವುಚಿದರು. "ಇದೇನ್ ಹಿಂಗೆ ನೆಟ್ಟಗೈತೆ? ಕೈ ನೋಯಾಕಿಲ್ವಾ? ನಮ್ದು ಹಿಂದಕ್ ಬಾಗಿತ್ತು, ಹಿಂಗೆ." ಎರಡೂ ಮುಷ್ಟಿಯನ್ನು ಸೊಂಟದ ಪಕ್ಕ ತಂದು, ಅಂಗೈ ಒಂದಕ್ಕೊಂದು ಎದುರಾಗುವಂತೆ ಹಿಡಿದು ತೋರಿಸಿದರು. ಮೊದಲು ನೋಡಿದ್ದು ಆ ಕೈಗಳನ್ನು. ಗೆಣ್ಣುಗಳು ಅಡಿಕೆಯಷ್ಟು ದಪ್ಪ, ಮಣಿಕಟ್ಟು ಮಾತ್ರ ಎಲ್ಲೂ ಸೊಟ್ಟಗಾಗದೆ ತೋಳಿನ ನೇರಕ್ಕೇ ಇತ್ತು. ನಾನು ಬಾರ್ ಎಂಡ್ ತೋರಿಸಿದೆ. ಅದನ್ನು ಹಿಡಿದರೂ ಅಂಗೈ ಹಾಗೇ ಒಳಕ್ಕೆ ತಿರುಗುತ್ತದೆ. ತಾತ ಅದನ್ನು ಹಿಡಿದು, ಒತ್ತಿ, ಬಿಟ್ಟರು. "ಹ್ಞೂ, ಇದ್ ಸರಿಯಾಯ್ತು ನೋಡು" ಅಂದರು. ಟೀ ದುಡ್ಡು ಕೊಡಲು ಬಿಡಲಿಲ್ಲ.

ಸಾತನೂರಿನ ಏರನ್ನು ಬಾರ್ ಎಂಡ್ ಹಿಡಿದೇ ಹತ್ತಿದೆ. ಅತಿ ಚಿಕ್ಕ ಗೇರು, ಗಂಟೆಗೆ ಎಂಟೋ ಒಂಬತ್ತೋ. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಗ್ರಿಪ್, ಬಾರ್ ಎಂಡ್, ಮತ್ತೆ ಗ್ರಿಪ್. ನಡುವೆ ಒಂದು ಕೈ ಬಿಟ್ಟು ಒದರಿಕೊಳ್ಳುವುದು. ನೋವು ಬಂದ ಮೇಲೆ ಬದಲಿಸಿದರೆ ಪ್ರಯೋಜನವಿಲ್ಲ, ಬರುವ ಮುಂಚೆಯೇ ಬದಲಿಸಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿ.

ಕನಕಪುರದಲ್ಲಿ ಮುದ್ದೆ, ಉಪ್ಸಾರು. ಅರ್ಧ ಗಂಟೆ ಮರದ ನೆರಳು.

ಕನಕಪುರ ಬಿಟ್ಟ ಮೇಲೆ ದಾರಿ ಉತ್ತರಕ್ಕೆ ತಿರುಗುತ್ತದೆ. ಗಾಳಿ ಬೆನ್ನು ಬಿಟ್ಟು ಎಡ ಪಕ್ಕೆಗೆ ಬಂತು. ಲಾರಿ ದಾಟಿದಾಗಲೆಲ್ಲ ಸೈಕಲ್ ಒಂದು ಗೇಣು ಅಲುಗುತ್ತಿತ್ತು. ಆದರೆ ಫ್ಲಾಟ್ ಬಾರ್‌ನ ಹಿಡಿತ ಇಂಥ ಕಡೆ ದೊಡ್ಡ ಧೈರ್ಯ. ಬ್ರೇಕ್ ಬೆರಳಿನ ಕೆಳಗೇ ಇರುತ್ತದೆ, ತಲೆ ಎತ್ತಿಯೇ ಇರುತ್ತದೆ, ಹಿಂದೆ ತಿರುಗಿ ನೋಡುವುದೂ ಸುಲಭ. ಹಾರೋಹಳ್ಳಿ ಬಂದಾಗ ನೀರು ಇಲ್ಲೇ ಇನ್ನೊಮ್ಮೆ ಉಸಿರು ತೆಗೆದುಕೊಂಡು ಮೇಲೇರುತ್ತದಲ್ವಾ ಅನ್ನಿಸಿತು. ನಾನೂ ನಿಂತೆ, ಉಳಿದ ಬೆಲ್ಲದ ಚಪಾತಿ ತಿಂದೆ.

ಕಗ್ಗಲೀಪುರದಿಂದಾಚೆಗೆ ನಗರದ ಗಲಾಟೆ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಕೋಣನಕುಂಟೆಯ ನಮ್ಮ ಮನೆ ಮುಟ್ಟಿದಾಗ ಸಂಜೆ ನಾಲ್ಕೂ ಮುಕ್ಕಾಲು. ಸೈಕಲ್ ಗೋಡೆಗೆ ಒರಗಿಸಿ, ಮೊದಲು ಅಂಗಳದ ನಲ್ಲಿ ತಿರುಗಿಸಿದೆ. ಕಾವೇರಿ ಬರುವ ದಿನ ಅದು. ಕೈಯೊಡ್ಡಿದೆ. ನೀರು ತಣ್ಣಗಿತ್ತು. ಆ ತಂಪು ಹತ್ತೂ ಬೆರಳಿಗೆ ಗೊತ್ತಾಯಿತು, ಕಿರುಬೆರಳಿಗೂ.