ಟೂಟಿಂಗ್‌ನ ಕೆಂಪು ಕಟ್ಟಡ

ಲಂಡನ್ನಿನ ಟೂಟಿಂಗ್‌ನಲ್ಲಿ ದೋಸೆ ತಿಂದು ಮುಗಿಸಿದ ಮೇಲೆ ತಂಗಿಗೆ ಹೇಳಿದೆ, "ಇಲ್ಲೇ ಹತ್ತಿರ ಒಂದು ಜಾಗ ಇದೆ, ನಡೆದುಕೊಂಡೇ ಹೋಗಿ ಬರೋಣ್ವಾ?" ನನಗೆ ಸ್ಪ್ರಿಂಗ್‌ಫೀಲ್ಡ್ ನೋಡಬೇಕಿತ್ತು.

1841ರಲ್ಲಿ ಸರ್ರೆ ಕೌಂಟಿಯ ಹುಚ್ಚಾಸ್ಪತ್ರೆಯಾಗಿ ಶುರುವಾದ ಜಾಗ ಅದು. ಕೆಂಪು ಇಟ್ಟಿಗೆಯ ಹಳೇ ಕಟ್ಟಡದಲ್ಲಿ ಈಗ ಜನ ಮನೆ ಮಾಡಿಕೊಂಡಿದ್ದಾರೆ. ಆಸ್ಪತ್ರೆ ಪಕ್ಕದ ಹೊಸ ಕಟ್ಟಡಗಳಲ್ಲಿದೆ. ಮುಂದಿನ ಪಾರ್ಕಿನಲ್ಲಿ ಮಕ್ಕಳು ಸೈಕಲ್ ತುಳಿಯುತ್ತಿದ್ದರು.

1848ರಿಂದ ಹತ್ತು ವರ್ಷ ಇಲ್ಲಿನ ಹೆಂಗಸರ ವಿಭಾಗವನ್ನು ನೋಡಿಕೊಂಡವರು ಡಾ. ಹ್ಯೂ ವೆಲ್ಚ್ ಡೈಮಂಡ್. ರೋಗಿಗಳ ಫೋಟೋ ತೆಗೆಯುತ್ತಿದ್ದವರೂ ಅವರೇ. ಆಗ ಅದೇನು ಸುಲಭದ ಕೆಲಸವೇ? ಗಾಜಿಗೆ ಅಂಟಂಟು ಕಲೋಡಿಯನ್ ಬಳಿಯಬೇಕು, ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು, ಒದ್ದೆ ಇರುವಾಗಲೇ ಫೋಟೋ ತೆಗೆದು, ಒಣಗುವುದರೊಳಗೆ ತೊಳೆದುಬಿಡಬೇಕು. ಫೋಟೋ ತೆಗೆಯುವಷ್ಟು ಹೊತ್ತು ಎದುರಿಗೆ ಕೂತವರು ಅಲ್ಲಾಡಬಾರದು. ಮನಸ್ಸು ಕದಡಿದ ಹೆಂಗಸನ್ನು ಹಾಗೆ ಕೂರಿಸಬೇಕಾದರೆ ಅವಳಿಗೆ ಡಾಕ್ಟರ ಮೇಲೆ ನಂಬಿಕೆ ಇರಬೇಕು, ಇಲ್ಲ ಭಯ ಇರಬೇಕು. ಇದು ನನ್ನನ್ನು ಈಗಲೂ ಕಾಡುತ್ತದೆ.

ಫೋಟೋದಿಂದ ಮೂರು ಉಪಯೋಗ ಎಂದು 1856ರಲ್ಲಿ ಡೈಮಂಡ್ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದ ಮುಂದೆ ಹೇಳಿದರು. ಮುಖ ನೋಡಿ ಕಾಯಿಲೆ ಅರಿಯಬಹುದು. ಆಸ್ಪತ್ರೆ ಬಿಟ್ಟುಹೋದವರು ಮತ್ತೆ ಸೇರಿದರೆ ಗುರುತು ಹಿಡಿಯಬಹುದು. ಇವೆರಡೂ ನನಗೆ ಅಷ್ಟು ಹಿಡಿಸುವುದಿಲ್ಲ. ಮುಖದ ಮೇಲೆ ಕಾಯಿಲೆ ಬರೆದಿರುತ್ತದೆ ಎನ್ನುವ ನಂಬಿಕೆಯಿಂದ ಆಮೇಲೆ ಅನ್ಯಾಯ ಜಾಸ್ತಿ ಆಯಿತು. ಆದರೆ ಮೂರನೆಯದು ಬೇರೆ: ಫೋಟೋವನ್ನು ರೋಗಿಗೇ ತೋರಿಸುವುದು. ತಾನು ರಾಣಿ, ತನ್ನ ಹತ್ತಿರ ಬೇಕಾದಷ್ಟು ಸಂಪತ್ತಿದೆ ಎಂದುಕೊಂಡಿದ್ದ 20 ವರ್ಷದ ಹುಡುಗಿಯೊಬ್ಬಳು ಇಲ್ಲಿದ್ದಳು. ತನ್ನ ಫೋಟೋಗಳನ್ನು ನೋಡಿ ಖುಷಿಪಟ್ಟು, ಅವುಗಳ ಬಗ್ಗೆ ಮತ್ತೆ ಮತ್ತೆ ಮಾತಾಡುತ್ತಾ ಚೇತರಿಸಿಕೊಂಡಳು, ಗುಣವಾಗಿ ಹೋಗುವಾಗ ತನ್ನ ಹಳೇ ಕಲ್ಪನೆಗಳಿಗೆ ತಾನೇ ನಕ್ಕಳು ಎಂದು ಡೈಮಂಡ್ ಬರೆದಿದ್ದಾರೆ. ಆ ಹುಡುಗಿ ಮನೆಯಲ್ಲಿ ಕನ್ನಡಿಯನ್ನಾದರೂ ನೋಡಿರುತ್ತಾಳೆ. ಆದರೆ ನಿನ್ನೆಯ ಮುಖವನ್ನು ಇವತ್ತು ಕೈಯಲ್ಲಿ ಹಿಡಿದು ನೋಡುವುದು ಆ ಕಾಲಕ್ಕೆ ಎಷ್ಟು ಹೊಸದು, ಅಲ್ವಾ?

ಬೆಂಚಿನ ಮೇಲೆ ಕೂತು ತಂಗಿಗೆ ಫೋನಿನಲ್ಲಿ ಡೈಮಂಡ್ ತೆಗೆದ ಇನ್ನೊಂದು ಫೋಟೋ ತೋರಿಸಿದೆ. ಒಬ್ಬ ಹೆಂಗಸು ಕೂತಿದ್ದಾಳೆ, ಕೈಯಲ್ಲಿ ಪುಟ್ಟ ಹಕ್ಕಿ. ತಂಗಿ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಮುಖ ನೋಡಿದಳು, ಆಮೇಲೆ ಕೈಗಳನ್ನು.

"ಎಷ್ಟು ಜೋಪಾನವಾಗಿ ಹಿಡಿದಿದ್ದಾಳೆ ನೋಡಕ್ಕಾ," ಎಂದಳು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಕೂತಿದ್ದೆವು.